ಬಾಗಿಲಿಗೆ ಕಟ್ಟಿದ ಸೀರೆ

ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ದುಡಿದೂ ನನ್ನ ಒಂದು ಮಾತನ್ನೂ ಕೇಳದ ಚಂಪಕ್ಕನಿಗೆ, ನಿನ್ನ ಟೀಚರ್ ಬರೆಯುವ ಕಾಗದ.

ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ ನೀನು ಹೇಳುವುದು ಒಂದೇ, "ನಂಗೇನಾಗೈತ್ರೀ ಟೀಚರ್, ಗುಂಡುಕಲ್ಲು ಇದ್ದಂಗೆ ಇದೀನಿ." ಆ ಸೋಮವಾರವೂ ಇದನ್ನೇ ಹೇಳಿದೆ. ಒಂದು ಕೈಯಲ್ಲಿ ಉಪ್ಪಿಟ್ಟಿನ ಸೌಟು, ಇನ್ನೊಂದು ಕೈ ಎದೆಯ ಮೇಲೆ. ನಡಿ, ಚನ್ನಗಿರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರೆ, ಮಗಳ ಫೋನು ಬರುತ್ತದೆ, ಬಸ್ಸಿನಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ನೀನೇ ಸಿಗಲಿಲ್ಲ. ಅದಾದ ಹನ್ನೊಂದನೇ ದಿನಕ್ಕೆ ನಿನ್ನ ಮಗಳು ಫ್ಯಾನ್ಸಿ, ಅಳಿಯ, ಮೊಮ್ಮಗಳು ಮಿಂಚು, ಮೂವರೂ ಸುಡಾನಿನಿಂದ ಜೀವಸಹಿತ ಬಂದು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರು. ನಮ್ಮ ಅಂಗನವಾಡಿಗೆ ಒಂದು ಗ್ಯಾಸ್ ಸಿಲಿಂಡರ್ ಬರಲಿ ಎಂದು ತಿಂಗಳುಗಟ್ಟಲೆ ಕಾದವಳು ನೀನು. ಹನ್ನೊಂದು ದಿನ ಕಾಯಲು ಆಗಲಿಲ್ಲವೇ?

ನಿನಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವುದನ್ನು ನಾನೇ ಕಲಿಸಿದ್ದು. "ಚಂಪಾ" ಎಂದು ಬರೆಯುವಷ್ಟರಲ್ಲಿ ಹಾಲು ಉಕ್ಕಿ ಹೋಗುತ್ತಿತ್ತು. ನಿನಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಿದ್ದೇನೆ, ರೇಷನ್ ಕಾರ್ಡಿನದು, ಬ್ಯಾಂಕಿನದು, ಆಫೀಸಿನದು. ಅದರಲ್ಲಿ ಒಂದನ್ನು ಮಾತ್ರ ಪೂರ್ತಿ ಓದಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಹತ್ತಿರ ಜಗಳ ಮುಗಿಸಬೇಕು.

ಫ್ಯಾನ್ಸಿ ಹೊರಟ ದಿನ ನೆನಪಿದೆಯೇ? ನಿಮ್ಮ ಹಕ್ಕಿಪಿಕ್ಕಿ ಕಾಲೊನಿಯಲ್ಲಿ ಪರದೇಶಕ್ಕೆ ಹೋಗುವುದು ಹೊನ್ನಾಳಿ ಸಂತೆಗೆ ಹೋದಷ್ಟೇ ಸಲೀಸು. ನಿಮ್ಮಪ್ಪನ ಕಾಲಕ್ಕೆ ಹಕ್ಕಿ ಹಿಡಿಯುತ್ತಿದ್ದಿರಿ. ಹಾಗೆ ಹಿಡಿಯಬಾರದು ಎಂದು ಸರ್ಕಾರ ಹೇಳಿದ ಮೇಲೆ ಬಾಚಣಿಗೆ, ಮಣಿಸರ, ಪ್ಲಾಸ್ಟಿಕ್ ಹೂವು. ಅದೂ ಸಾಲದಾದಾಗ ಬೇರು, ಸೊಪ್ಪು ಕುದಿಸಿದ ಕೂದಲಿನ ಎಣ್ಣೆ ಹೊತ್ತುಕೊಂಡು ಆಫ್ರಿಕಾ. ಮಗಳು ಹುಟ್ಟಿದ ವಾರ ನೀನು ಹೊನ್ನಾಳಿಯಲ್ಲಿ ಫ್ಯಾನ್ಸಿ ಸಾಮಾನಿನ ಅಂಗಡಿ ಹಾಕಿದ್ದೆ, ಅದಕ್ಕೇ ಅವಳಿಗೆ ಆ ಹೆಸರು. ಅವಳೂ ಅವಳ ಗಂಡನೂ ಸುಡಾನಿಗೆ ಹೊರಟಾಗ ಮಿಂಚುವಿಗೆ ಎರಡೂವರೆ. ಮಗುವನ್ನು ಇಲ್ಲೇ ಬಿಡಲಿ, ನೀನಿದ್ದೀಯ, ನಾನಿದ್ದೇನೆ, ಅಂಗನವಾಡಿ ಮತ್ತೆ ಇರುವುದಾದರೂ ಯಾಕೆ ಎಂದು ಬಡಿದುಕೊಂಡೆ. ನೀನು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾ, "ಮರಿ ಅವ್ವನ ಕೂಡೇ ಇರ್ಬೇಕ್ರಿ" ಎಂದೆ. ಅಲ್ಲಿಗೆ ಮಾತು ಮುಗಿಯಿತು. ಹತ್ತೊಂಬತ್ತು ವರ್ಷವೂ ಮಾತು ಮುಗಿಸಿದವಳು ನೀನೇ, ಟೀಚರ್ ಮಾತ್ರ ನಾನು.

ಆಮೇಲೆ ಏನಾಯಿತು? ಅಲ್ಲಿ ಯಾರೋ ಇಬ್ಬರು ದಂಡನಾಯಕರಿಗೆ ಅಧಿಕಾರಕ್ಕಾಗಿ ಜಗಳ ಹತ್ತಿತು. ಅವರ ಜಗಳಕ್ಕೆ ಊರ ನಡುಮಧ್ಯೆ ಗುಂಡು ಹಾರಿ, ಎಣ್ಣೆ ಮಾರುವವರ ಮಗು ಮಂಚದ ಕೆಳಗೆ ಸೇರಿತು. ನೀನು ಫೋನನ್ನು ಕುಪ್ಪಸದೊಳಗೆ ಇಟ್ಟುಕೊಂಡು ಅಡುಗೆ ಮಾಡಿದೆ, ಪಾತ್ರೆ ತೊಳೆದೆ, ಮಕ್ಕಳ ಮೂಗು ಒರೆಸಿದೆ. ಅದು ಅದುರಿದಾಗಲೆಲ್ಲ ಸೌಟು ಕೆಳಗೆ ಬೀಳುತ್ತಿತ್ತು. ಒಮ್ಮೆ ಫ್ಯಾನ್ಸಿ ಮಾತಾಡಿದ್ದು ಎರಡೇ ಮಾತು, ಕರೆಂಟಿಲ್ಲ, ನೀರಿಲ್ಲ. ಇನ್ನೊಮ್ಮೆ ಬರೀ ಡಬ್ ಡಬ್ ಶಬ್ದ. ನೀನು ನನ್ನನ್ನು ನೋಡಿದೆ. ಪಟಾಕಿ ಇರಬೇಕು ಎಂದು ನಾನು ಅಂದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದ ಮಾತು ಅದು, ಚಂಪಕ್ಕ. ಸುಳ್ಳನ್ನಾದರೂ ಸರಿಯಾಗಿ ಹೇಳಲು ಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಹೋದವಳು ನಾನೇ. ಸರ್ಕಾರದವರು ಹಡಗು ಹತ್ತಿಸಿ, ವಿಮಾನ ಹತ್ತಿಸಿ ಕರೆದುಕೊಂಡು ಬಂದಿದ್ದರು, ಅವರಿಗೆ ಪುಣ್ಯ ಬರಲಿ. ದಾರಿಯುದ್ದಕ್ಕೂ ಯಾರೂ ಫ್ಯಾನ್ಸಿಗೆ ನಿನ್ನ ಸುದ್ದಿ ಹೇಳಿರಲಿಲ್ಲ. ಕಾಲೊನಿಯ ಹಿರಿಯರೆಲ್ಲ ಸೇರಿ, ಟೀಚರ್ ಹೇಳಲಿ, ಅವರಿಗೆ ಮಾತು ಬರುತ್ತದೆ ಎಂದು ನನ್ನನ್ನು ಮುಂದೆ ತಳ್ಳಿದ್ದರು. ಅವಳು ಇಳಿದಳು. ಕಂಕುಳಲ್ಲಿ ನಾಲ್ಕು ವರ್ಷದ ಮಗು, ಯಾರೋ ಕೊಟ್ಟ ದೊಡ್ಡ ಸ್ವೆಟರ್. ಸುತ್ತ ನೋಡಿ, "ಅವ್ವ ಬಂದಿಲ್ಲೇನ್ರೀ ಟೀಚರ್? ಅಡಿಗೆ ಬಿಟ್ಟು ಬರಾಕೆ ಆಗ್ಲಿಲ್ಲೇನು?" ಎಂದಳು. ನಾನು ಕಲಿತು ಹೋಗಿದ್ದ ಮಾತನ್ನು ಶುರುಮಾಡುವ ಮೊದಲೇ ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅಳಲಿಲ್ಲ. ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಮಗುವಿನ ಸ್ವೆಟರಿನ ಗುಂಡಿ ಬಿಚ್ಚಿದಳು, ಹಾಕಿದಳು, ಬಿಚ್ಚಿದಳು. ಈ ಕೆಲಸ ನನ್ನ ಪಾಲಿಗೆ ಬಿಟ್ಟು ಹೋದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆ ವಾರ ಬಂದವರನ್ನು ನೀನು ನೋಡಬೇಕಿತ್ತು. ಹಣ್ಣಿನ ಬುಟ್ಟಿ ಹಿಡಿದವರು, ಶಾಲು ಹಿಡಿದವರು, ಮೈಕು ಹಿಡಿದವರು. ಒಬ್ಬ ಮಿಂಚುವಿನ ಬಾಯಿಯ ಹತ್ತಿರ ಮೈಕು ಒಯ್ದು, "ಪುಟ್ಟಿ, ಗುಂಡು ಹೆಂಗೆ ಸದ್ದು ಮಾಡ್ತಿತ್ತು, ಒಂದ್ಸಲ ಮಾಡಿ ತೋರ್ಸು" ಎಂದ. ನಾನು ಮೈಕಿನ ವೈರು ಎಳೆದುಬಿಟ್ಟೆ. ಇನ್ನು ನಮ್ಮ ಊರಿನವರೋ, ಒಬ್ಬೊಬ್ಬರೂ ಬಂದು ಫ್ಯಾನ್ಸಿಯನ್ನು ಕೇಳುವುದು ಒಂದೇ, "ಇಲ್ಲೇ ಇದ್ದು ಏನಾರ ಮಾಡ್ಕೊಂಡು ತಿನ್ನೋದು ಬಿಟ್ಟು ಅಲ್ಲಿಗ್ಯಾಕೆ ಹೋಗಿದ್ರವ್ವ?" ಇಲ್ಲಿದ್ದಾಗ ಒಂದು ಬಾಟಲಿ ಎಣ್ಣೆ ಕೊಳ್ಳದ ಬಾಯಿಗಳು ಅವು. ಎರಡನೇ ವಾರಕ್ಕೆ ಒಬ್ಬರೂ ಇಲ್ಲ. ಅಳಿಯ ಬೈಕಿನಲ್ಲಿ ಎಣ್ಣೆ ಕಟ್ಟಿಕೊಂಡು ಜಗಳೂರು, ನ್ಯಾಮತಿ ಕಡೆ ಸಂತೆ ತಿರುಗಲು ಹೋದ. ಮನೆಯಲ್ಲಿ ತಾಯಿ, ಮಗು, ಗೋಡೆಗೆ ನೇತುಹಾಕಿದ ನಿನ್ನ ಫೋಟೊ.

ಈಗ ಬಾಗಿಲಿನ ವಿಷಯ. ನಮ್ಮ ಅಂಗನವಾಡಿ ರಸ್ತೆಗೆ ಅಂಟಿಕೊಂಡಿದೆ, ಟ್ರ್ಯಾಕ್ಟರುಗಳು ಓಡಾಡುತ್ತವೆ, ಮಕ್ಕಳು ಓಡಿ ಹೋಗಬಾರದು ಎಂದು ನಾನು ಮೊದಲ ದಿನದಿಂದ ಕದಕ್ಕೆ ಚಿಲಕ ಹಾಕುತ್ತಿದ್ದೆ. ನೀನು ಮೊದಲ ದಿನದಿಂದ ತೆಗೆಯುತ್ತಿದ್ದೆ. ತೆಗೆದು, ನಿನ್ನ ಹಳೇ ಹಸಿರು ಸೀರೆಯನ್ನು ಮಡಚಿ, ಆ ಕಡೆ ಈ ಕಡೆ ಮೊಳೆಗೆ ಬಿಗಿದು ಮಕ್ಕಳ ಎದೆಮಟ್ಟಕ್ಕೆ ಕಟ್ಟುತ್ತಿದ್ದೆ. ಮಕ್ಕಳು ಅದಕ್ಕೆ ಗದ್ದ ಊರಿ ಹೊರಗೆ ನೋಡುತ್ತಾ ನಿಲ್ಲುತ್ತಿದ್ದವು. ಹೊರಗೆ ಹೊಂಗೆ ಮರದ ಬುಡದಲ್ಲಿ ಯಾವಳಾದರೂ ಒಬ್ಬಳು ತಾಯಿ ಮಣಿ ಪೋಣಿಸುತ್ತಾ ಕೂತಿರುತ್ತಿದ್ದಳು. ನೀನು ಮಕ್ಕಳ ಅಡುಗೆಯಲ್ಲೇ ಒಂದು ತಟ್ಟೆ ತೆಗೆದು ಮೊದಲು ಅವಳಿಗೆ ಕೊಟ್ಟು ಬಂದು ಆಮೇಲೆ ಮಕ್ಕಳಿಗೆ ಬಡಿಸುತ್ತಿದ್ದೆ. ಇದೇನು ಅಂಗನವಾಡಿಯೋ ಧರ್ಮಛತ್ರವೋ ಎಂದು ನಾನು ಎಷ್ಟು ಸಲ ಕೂಗಾಡಿಲ್ಲ? "ನೀವು ಸುಮ್ಕಿರ್ರಿ ಟೀಚರ್, ನಿಮಗೆ ತಿಳಿಯಾಕಿಲ್ಲ" ಎನ್ನುತ್ತಿದ್ದೆ. ತಿಳಿಯದಿದ್ದರೆ ತಿಳಿಯುವ ಹಾಗೆ ಹೇಳಬೇಕಿತ್ತಲ್ಲ, ಮಾರಾಯ್ತಿ?

ನೀನು ಹೋದ ವಾರವೇ ನಾನು ಸೀರೆ ಬಿಚ್ಚಿದೆ. ಬೇಡವೆಂದಲ್ಲ. ಬೆಳಿಗ್ಗೆ ಬಂದು ಅದನ್ನು ನೋಡಲು ಆಗುತ್ತಿರಲಿಲ್ಲ. ಮಡಚಿ, ಮಕ್ಕಳನ್ನು ತೂಗುವ ಯಂತ್ರಕ್ಕೆ ಸುತ್ತಿ ಬೀರುವಿನಲ್ಲಿ ಇಟ್ಟೆ. ಕದಕ್ಕೆ ಚಿಲಕ ಬಂತು. ಮೇಲ್ವಿಚಾರಕಿ ಮೇಡಂ ಬಂದು, ಈಗ ನೋಡಿ, ಎಷ್ಟು ನೀಟಾಗಿ ಕಾಣುತ್ತದೆ ಎಂದರು. ಅವರು ಜಗಳೂರಿನಿಂದ ವರ್ಗವಾಗಿ ಬಂದವರು, ನೀಟು ಎಂದರೆ ಪ್ರಾಣ.

ಮಿಂಚು ಮೊದಲ ದಿನ ಬಂದದ್ದು ಆ ಚಿಲಕಕ್ಕೆ. ಫ್ಯಾನ್ಸಿ ಒಳಗೆ ಬಿಟ್ಟು ಹೊರಗೆ ಕೂತಳು. ನಾನು ಯಾವತ್ತಿನ ಹಾಗೆ ಕದ ಎಳೆದು ಚಿಲಕ ಹಾಕಿದೆ. ಆ ಮಗು ಅತ್ತರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಸದ್ದಿಲ್ಲದೆ ಹೋಗಿ ನಿನ್ನ ಒಲೆಕಟ್ಟೆಯ ಕೆಳಗೆ ತೂರಿಕೊಂಡು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಉಚ್ಚೆ ಹೊಯ್ದುಕೊಂಡಿತು. ಉಳಿದ ಮಕ್ಕಳು ಆಟವೆಂದು ತಿಳಿದು ತಾವೂ ಬಗ್ಗಿ ನೋಡಿದವು. ಕದ ತೆಗೆದು ಫ್ಯಾನ್ಸಿಯನ್ನು ಕರೆದೆ. ಅವಳು ಕಟ್ಟೆಯ ಹತ್ತಿರ ಕೂತು, "ಅಲ್ಲಿ ಹಿಂಗೇ ರೀ ಟೀಚರ್. ಕದ ಹಾಕಿ, ಕಿಟಕಿಗೆ ಹಾಸಿಗೆ ಅಡ್ಡ ಇಟ್ಕೊಂಡು ಕುಂತಿದ್ವಿ. ಕದ ಹಾಕಿದ್ರೆ ಇನ್ನು ಶುರುವಾಗ್ತೈತೆ ಅಂತ ಇದಕ್ಕೆ" ಎಂದಳು. ಎಷ್ಟು ದಿನ ಹಾಗಿದ್ದಿರಿ ಎಂದು ಕೇಳಿದೆ. ಎಣಿಸಲಿಲ್ಲ ಎಂದಳು.

ಸೀರೆ ತೆಗೆದು ಕಟ್ಟಿದೆ. ಏನು ಮಾಡಲಿ, ಕಟ್ಟಿದೆ. ಮೊಳೆಗಳು ಅಲ್ಲೇ ಇದ್ದವು, ಗಂಟು ಮಾತ್ರ ನಿನ್ನ ಹಾಗೆ ಬರಲಿಲ್ಲ. ಮಿಂಚು ಕಟ್ಟೆಯ ಕೆಳಗಿನಿಂದ ಹೊರಗೆ ಬಂತು, ಸೀರೆಗೆ ಗದ್ದ ಊರಿತು, ಮರದ ಬುಡದಲ್ಲಿ ಕೂತ ತಾಯಿಯನ್ನು ನೋಡುತ್ತಾ ನಿಂತಿತು. ನಾನು ಗೆದ್ದೆ ಎಂದುಕೊಂಡೆ. ಆದರೆ ಊಟದ ಹೊತ್ತಿಗೆ ಬಾಯಿ ತೆರೆಯಲಿಲ್ಲ. ಮರುದಿನವೂ ಇಲ್ಲ. ಒಂದು ತುತ್ತು ಚಿತ್ರಾನ್ನ ಬಾಯಿಗೆ ಹಾಕಿಕೊಂಡು ಕೆನ್ನೆಯಲ್ಲೇ ಇಟ್ಟುಕೊಳ್ಳುತ್ತಿತ್ತು. ಮೊಟ್ಟೆ ಕೊಟ್ಟರೆ ಮಾಯ. ತಿಂದಿತೆಂದು ಖುಷಿಪಟ್ಟರೆ, ನೋಡುತ್ತೇನೆ, ಲಂಗದ ನೆರಿಗೆಯೊಳಗೆ ಇಟ್ಟುಕೊಂಡಿದೆ. ನಾನು ಬೈದೆ, ಚಂಪಕ್ಕ. ನಾಲ್ಕು ವರ್ಷದ ಮಗುವಿಗೆ, ಕದಿಯಬಾರದು ಎಂದು ಬುದ್ಧಿ ಹೇಳಿದೆ. ಈ ಕೈಯಿಂದಲೇ ಲಂಗದಿಂದ ಮೊಟ್ಟೆ ತೆಗೆದು ತಟ್ಟೆಗೆ ಹಾಕಿದೆ. ಆಗ ಅದು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಿನಗೆ ಬರೆದು ತಿಳಿಸಲಾರೆ.

ತೂಕ ಇಳಿಯುತ್ತಾ ಹೋಯಿತು. ಮಕ್ಕಳ ತೂಕ ದಾಖಲಿಸುವ ಮೊಬೈಲಿನ ಆ್ಯಪಿನಲ್ಲಿ ಮಗುವಿನ ಹೆಸರು ಕೆಂಪಾಯಿತು. ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ, ಅಲ್ಲಿಟ್ಟುಕೊಂಡು ತಿನ್ನಿಸಬೇಕು ಎಂದು ಮೇಡಂ ಹೇಳಿದರು. ಅಲ್ಲಿ ವಾರ್ಡಿನ ಕದ, ಬೇರೆ ಮುಖಗಳು, ರಾತ್ರಿಯೆಲ್ಲ ಅಳುವ ಬೇರೆ ಮಕ್ಕಳು. ಫ್ಯಾನ್ಸಿ ಅದನ್ನು ಕೇಳಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದವಳು ಎರಡು ದಿನ ಹೊರಗೆ ಬರಲಿಲ್ಲ. ಇದೇ ಹೊತ್ತಿಗೆ ನಮಗೆ ಹೊನ್ನಾಳಿಯಲ್ಲಿ ಒಂದು ದಿನದ ತರಬೇತಿ. ನೊಂದ ಮಕ್ಕಳ ಮನಸ್ಸು ಅರಿಯುವುದು ಹೇಗೆ ಎಂದು. ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ ಬರೆದ ಚಾರ್ಟು ಕೊಟ್ಟರು. ಮಗು ಇವತ್ತು ಯಾವ ಮುಖ ಎಂದು ದಿನವೂ ಕೇಳಬೇಕಂತೆ. ಪಾಠ ಹೇಳಿದ ಹುಡುಗಿ ಒಳ್ಳೆಯವಳೇ. ಊಟದ ಹೊತ್ತಿನಲ್ಲಿ ಅವಳನ್ನು ಹಿಡಿದು, ನಮ್ಮ ಮಗು ತಿನ್ನುವುದಿಲ್ಲವಲ್ಲ, ಏನು ಮಾಡಲಿ ಎಂದರೆ, "ಮಗುವಿನ ತಾಯಿ ಹೇಗಿದ್ದಾರೆ ಮೇಡಂ?" ಎಂದು ಕೇಳಿದಳು. ತಾಯಿಯ ಮಾತು ಈಗ ಯಾಕೆ, ನಾನು ಮಗುವಿನ ಬಗ್ಗೆ ಕೇಳುತ್ತಿದ್ದೇನೆ ಎಂದು ರೇಗಿದೆ. ಬಸ್ಸಿನಲ್ಲಿ ವಾಪಸು ಬರುವಾಗಲೂ ಗೊಣಗುತ್ತಲೇ ಬಂದೆ.

ಬಂದವಳು ನೇರ ನಿನ್ನ ಮನೆಗೆ ಹೋದೆ. ಕೈಯಲ್ಲಿ ಸುತ್ತಿದ ಚಾರ್ಟು. ಫ್ಯಾನ್ಸಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಕೊರಳ ಎಲುಬು ಕಾಣುತ್ತಿದ್ದುದನ್ನು ನಾನು ಗಮನಿಸಿದ್ದು ಆವತ್ತೇ. ಅವಳ ದಿಂಬಿನ ಪಕ್ಕ ಒಂದು ಹಳೇ ಬಿಸ್ಕತ್ತಿನ ಡಬ್ಬಿ. ನಾತ ಬರುತ್ತಿತ್ತು. ಏನೇ ಅದು ಎಂದು ಮುಚ್ಚಳ ತೆಗೆದರೆ ಒಡೆದ ಮೊಟ್ಟೆ, ಒಣಗಿದ ಬೆಲ್ಲದ ಚೂರು, ಹಳಸಿದ ಚಿತ್ರಾನ್ನ. ಮಿಂಚು ಓಡಿ ಬಂದು ಡಬ್ಬಿಯ ಮೇಲೆ ಬೋರಲು ಬಿದ್ದಿತು. ಫ್ಯಾನ್ಸಿಗೆ ಆಗ ಅಳು ಬಂತು. "ನಂಗೆ ಅಂತ ತರ್ತೈತ್ರಿ. ಅಲ್ಲಿ ಇದ್ದಷ್ಟು ಬ್ರೆಡ್ಡು ಇದಕ್ಕೇ ಕೊಡ್ತಿದ್ದೆ. ಅವ್ವ, ನೀನು ಉಣ್ಣಲ್ವಾ ಅಂತ ಇದು ಕೇಳಿದ್ರೆ, ನಂದು ಆಗಲೇ ಉಂಡಾಯ್ತು ಅಂತಿದ್ದೆ. ನಂಬೈತೆ ಅಂದ್ಕೊಂಡಿದ್ದೆ ಟೀಚರ್. ಈಗ ನಾನು ಉಣ್ಣೋದು ಕಂಡ್ರೂ ನಂಬಾಕಿಲ್ಲ. ನಂಗೂ ಅವ್ವನ್ನ ನೆನೆಸ್ಕೊಂಡ್ರೆ ಗಂಟಲಾಗೆ ಇಳಿಯಾಕಿಲ್ಲ" ಎಂದಳು.

ಆ ಮನೆಯಲ್ಲಿ ಕೂತಿದ್ದಾಗ ನನಗೆ ನಿಮ್ಮಪ್ಪನ ಮಾತು ನೆನಪಾಯಿತು. ನೀನೇ ಒಮ್ಮೆ ಹೇಳಿದ್ದೆ, ಮಳೆಯಿಂದ ಮಕ್ಕಳು ಬಾರದ ಒಂದು ದಿನ, ಇಬ್ಬರೇ ಕೂತು ಕಡಲೆಬೀಜ ಸುಲಿಯುವಾಗ. ತಾಯಿ ಹಕ್ಕಿ ಮರಿಯ ಸಮೇತ ಬಲೆಗೆ ಬಿದ್ದರೆ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಬಾರದು, ಎರಡಕ್ಕೂ ಒಂದಕ್ಕೊಂದು ಕಾಣುತ್ತಿರಬೇಕು. ಕಾಳು ಮರಿಗೆ ಹಾಕಬಾರದು, ಮೊದಲು ತಾಯಿಗೆ ಹಾಕಬೇಕು. ತಾಯಿ ತಿಂದದ್ದು ಕಂಡರೆ ಮರಿ ತಾನಾಗಿ ಬಾಯಿ ತೆರೆಯುತ್ತದೆ, ಇಲ್ಲವಾದರೆ ಎರಡೂ ಉಳಿಯುವುದಿಲ್ಲ. "ನಮ್ಮಪ್ಪ ಹಿಡಿದು ಮಾರೋನೇ ರೀ, ದೇವರಲ್ಲ. ಆದ್ರೂ ಇಷ್ಟು ತಿಳಿದಿದ್ದ" ಎಂದು ನಕ್ಕಿದ್ದೆ. ನಾನು ಸಿಪ್ಪೆ ಗುಡಿಸುತ್ತಾ ಹೂಂಗುಟ್ಟಿದ್ದೆ. ಹಾಗಾದರೆ ನೀನು ಹೇಳಿದ್ದೆ. ಹೇಳಬೇಕಿತ್ತಲ್ಲ ಎಂದು ಈ ಕಾಗದದಲ್ಲೇ ಮೇಲೆ ನಿನ್ನ ಮೇಲೆ ರೇಗಿದ್ದೇನೆ, ಅದನ್ನು ಹೊಡೆದುಹಾಕುವುದಿಲ್ಲ, ಇರಲಿ. ಕೇಳಿಸಿಕೊಂಡವಳ ಯೋಗ್ಯತೆ ಎಷ್ಟೆಂದು ತಿಳಿಯಲಿ.

ಮರುದಿನ ನಾನು ಮಾಡಿದ್ದು ಇಷ್ಟೇ. ಅನ್ನ ಸಾರು ಆದ ಮೇಲೆ ಮಕ್ಕಳನ್ನು ಕೂರಿಸಿದೆ. ಮೊದಲ ತಟ್ಟೆ ಹಾಕಿ, ಸೀರೆಯ ಆಚೆ ಹೋಗಿ, ಮರದ ಬುಡದಲ್ಲಿದ್ದ ಫ್ಯಾನ್ಸಿಯನ್ನು ಹೊಸ್ತಿಲಿಗೆ ಕರೆದು ಕೂರಿಸಿ ಕೈಗೆ ಕೊಟ್ಟೆ. ಉಣ್ಣು ಎಂದೆ. ಬೇಡ ರೀ ಎಂದಳು. ಉಣ್ಣದೆ ಏಳಬೇಡ ಎಂದು ಗದರಿದೆ, ನಿನ್ನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು ಎಂದು ಕಾಣುತ್ತದೆ. ಅವಳು ಒಂದು ತುತ್ತು ಇಟ್ಟುಕೊಂಡಳು. ಮಿಂಚು ಸೀರೆಯ ಹತ್ತಿರ ಬಂದು ನಿಂತಿತು. ತಾಯಿಯ ಬಾಯಿಯನ್ನೇ ನೋಡಿತು. ತುತ್ತು ಗಂಟಲಲ್ಲಿ ಇಳಿಯಿತೇ ಎಂದು ನೋಡಿತು. ಎರಡನೇ ತುತ್ತು. ಮೂರನೆಯದು. ತಟ್ಟೆ ಅರ್ಧವಾದ ಮೇಲೆ ಮಗು ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತು ಉಂಡಿತು, ಚಂಪಕ್ಕ. ಪೂರ್ತಿ ಅಲ್ಲ. ಮೊಟ್ಟೆಯಲ್ಲಿ ಅರ್ಧ ಆವತ್ತೂ ಲಂಗಕ್ಕೆ ಹೋಯಿತು. ಇಡೀ ಮೊಟ್ಟೆ ಬಾಯಿಗೆ ಹೋಗಲು ಇನ್ನೂ ಎರಡು ವಾರ ಹಿಡಿಯಿತು. ಈಗ ಆ್ಯಪಿನಲ್ಲಿ ಅವಳ ಹೆಸರು ಕೆಂಪಿಲ್ಲ. ಮಾತು ಮಾತ್ರ ಆಗಲೂ ಬರಲಿಲ್ಲ, ಬಂದ ದಿನದಿಂದ ಕೇಂದ್ರದಲ್ಲಿ ಮಿಂಚು ಒಂದು ಮಾತೂ ಆಡಿರಲಿಲ್ಲ.

ಆದರೆ ಫ್ಯಾನ್ಸಿಗೆ ತಟ್ಟೆ ಕೊಡಲು ನನಗೆ ಹಕ್ಕಿಲ್ಲವಂತೆ. ಮೇಡಂ ಪಟ್ಟಿ ತೆಗೆದು ತೋರಿಸಿದರು. ಅವಳು ಬಸುರಿಯಲ್ಲ, ಬಾಣಂತಿಯಲ್ಲ. ಆದ್ದರಿಂದ ಪಟ್ಟಿಯ ಪ್ರಕಾರ ಅವಳಿಗೆ ಹಸಿವಿಲ್ಲ. ಸುಡಾನಿನಿಂದ ಬಂದವರಿಗೆ ಆ್ಯಪಿನಲ್ಲಿ ಜಾಗವಿಲ್ಲ, ತಾಯಿ ಸತ್ತವರಿಗೆ ಜಾಗವಿಲ್ಲ, ಮಗು ತಿನ್ನಲಿ ಎಂದು ತಾನು ತಿನ್ನಬೇಕಾದವರಿಗೆ ಜಾಗವಿಲ್ಲ. ನನ್ನ ಪಾಲಿನದನ್ನು ಕೊಡುತ್ತೇನೆ ಎಂದರೆ, ಹೊರಗಿನವರನ್ನು ಕೇಂದ್ರದಲ್ಲಿ ಕೂರಿಸಿ ಊಟ ಕೊಡುವುದೇ ತಪ್ಪು ಎಂದರು. ಬಾಗಿಲಿನ ಸೀರೆಯ ಫೋಟೊ ಹಿಡಿದರು. ವಾರ ಕಳೆದು ನೋಟಿಸ್ ಬಂತು. ಕಾಗದದ ಬಣ್ಣ, ಮೊಹರು, ಮೊದಲ ಸಾಲು, ಎಲ್ಲವೂ ನಿನಗೆ ಬಂದಿದ್ದ ನೋಟಿಸಿನ ಹಾಗೆಯೇ ಇತ್ತು.

ಈಗ ಆ ಕಾಗದಕ್ಕೆ ಬರುತ್ತೇನೆ. ಆವತ್ತು ನೀನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು, ಓದ್ರಿ ಟೀಚರ್ ಎಂದೆ. ಸಹಾಯಕಿಯು ಮಕ್ಕಳ ಆಹಾರವನ್ನು ತಾಯಂದಿರಿಗೆ ಕೊಡುತ್ತಿರುವುದು ಗಮನಕ್ಕೆ ಬಂದಿದೆ, ಮುಂದೆ ಹೀಗಾದರೆ ಕ್ರಮ ಕೈಗೊಳ್ಳಲಾಗುವುದು ಎಂದು ಓದಿದೆ. ನಡುವಿನ ಒಂದು ಸಾಲು ಬಿಟ್ಟೆ. "ಕೇಂದ್ರದ ಕಾರ್ಯಕರ್ತೆಯು ಲಿಖಿತವಾಗಿ ನೀಡಿದ ದೂರಿನ ಮೇರೆಗೆ" ಎಂದಿತ್ತು. ಆ ಕಾರ್ಯಕರ್ತೆ ನಾನೇ. ಬಾಯಲ್ಲಿ ಹೇಳಿದ್ದು ನೀನು ಕೇಳಲಿಲ್ಲ ಎಂದು ಸಿಟ್ಟು ಬಂದು ಬರೆದು ಕೊಟ್ಟಿದ್ದೆ. ನೀನು "ಯಾವ ಹಾಳಾದೋನು ಚಾಡಿ ಹೇಳಿದ್ನೋ" ಎಂದು ಬೈದು, ನಾನು ತೋರಿಸಿದ ಜಾಗದಲ್ಲಿ "ಚಂಪಾ" ಎಂದು ಸಹಿ ಹಾಕಿದೆ. ಆಮೇಲೆ ನನಗೇ ಟೀ ಕಾಸಿ ಕೊಟ್ಟೆ, ಮುಖ ಯಾಕೆ ಸಪ್ಪಗಿದೆ ಎಂದು ಕೇಳಿ. ಅದಾದ ಮೇಲೂ ನೀನು ತಟ್ಟೆ ಕೊಡುವುದನ್ನು ಬಿಡಲಿಲ್ಲ. ಮರೆಯಲ್ಲಿ ಕೊಟ್ಟೆ, ನಾನು ನೋಡದ ಹಾಗೆ ಇದ್ದೆ. ನಿನಗೆ ಗೊತ್ತಿತ್ತೇ? ಗೊತ್ತಿದ್ದೂ ಟೀ ಕಾಸಿದ್ದೆಯಾ, ಅಥವಾ... ಕೇಳಲು ಇನ್ನು ಯಾರಿದ್ದಾರೆ.

ನನ್ನ ನೋಟಿಸಿಗೆ ಮೊನ್ನೆ ಬುಧವಾರ ಉತ್ತರ ಬರೆಯಲು ಕೂತೆ. ನಿಜ ಹೇಳುತ್ತೇನೆ, ತಪ್ಪಾಯಿತು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆಯುತ್ತಿದ್ದೆ. ನಿವೃತ್ತಿಗೆ ಕೆಲವೇ ವರ್ಷ ಉಳಿದಿದೆ, ಯಾಕೆ ಬೇಕು ತಲೆನೋವು ಎಂದು. ಅರ್ಧ ಬರೆದಿರುವಾಗ ಬಾಗಿಲ ಹತ್ತಿರ ಒಬ್ಬಳು ಬಂದು ನಿಂತಳು. ಇಟ್ಟಿಗೆ ಭಟ್ಟಿಯ ಶೆಡ್ಡಿಗೆ ಹೊಸದಾಗಿ ಬಂದ ಸಂಸಾರದವಳು. ಅವರ ಊರಿನಲ್ಲಿ ಎರಡು ಕೇರಿಗಳ ನಡುವೆ ಹೊಡೆದಾಟವಾಗಿ, ಮನೆಗೆ ಬೆಂಕಿ ಬಿದ್ದು, ಉಟ್ಟ ಬಟ್ಟೆಯಲ್ಲಿ ಬಂದವರು. ಸೊಂಟದಲ್ಲಿ ಎರಡು ಎರಡೂವರೆ ವರ್ಷದ ಕೂಸು. ಕೂಸನ್ನು ಸೇರಿಸಿಕೊಳ್ಳಬಹುದೇ ಎಂದು ಕೇಳಿದಳು. ಆಧಾರ್ ಕಾರ್ಡ್ ಇದೆಯೇ ಎಂದು ಕೇಳಿದೆ. ಸುಟ್ಟು ಹೋಯಿತು ಎಂದಳು. ಇನ್ನೂ ಎಷ್ಟು ಎಂದು ನಾನು ಹಣೆ ಚಚ್ಚಿಕೊಂಡೆ. ಇರಲಿ, ಊಟದ ಹೊತ್ತು, ಕೂಸಿಗಾದರೂ ಉಣ್ಣಿಸೋಣ ಎಂದು ಒಂದು ಚಿಕ್ಕ ತಟ್ಟೆಗೆ ಅನ್ನ ಹಾಕಿ ಕೂಸಿನ ಕಡೆ ಚಾಚಿದೆ. ಕೂಸು ಮುಖ ತಿರುಗಿಸಿ ತಾಯಿಯ ಕುತ್ತಿಗೆಗೆ ಅಂಟಿಕೊಂಡಿತು.

ಆಗ ಮಿಂಚು ತನ್ನ ಜಾಗದಿಂದ ಎದ್ದಿತು. ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಿತು, ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಸೀರೆಯ ಕೆಳಗೆ ನುಸುಳಿ ಹೊರಗೆ ಹೋಯಿತು. ಆ ಹೆಂಗಸಿನ ಮುಂದೆ ನೆಲದ ಮೇಲೆ ಇಟ್ಟಿತು. ಆಮೇಲೆ ತಿರುಗಿ ನನ್ನನ್ನು ನೋಡಿ, ನನಗೇ ಬುದ್ಧಿ ಹೇಳುವ ಹಾಗೆ, "ಮೊದ್ಲು ಅವರವ್ವಗೆ ರೀ ಟೀಚರ್" ಎಂದಿತು.

ಆ ಅರ್ಧ ಕಾಗದ ಹರಿದೆ. ಬೇರೆ ಬರೆದು, ಸಹಿ ಹಾಕಿ, ಚನ್ನಗಿರಿಗೆ ನಾನೇ ಒಯ್ದು ಕೊಟ್ಟು ಬಂದಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ, ಕೆಲಸವೇ ಹೋಗಬಹುದು, ಬರೀ ಬೈಗುಳದಲ್ಲಿ ಮುಗಿಯಬಹುದು. ಸೀರೆ ಮಾತ್ರ ನಾನಿರುವ ತನಕ ಬಾಗಿಲಿನಿಂದ ಇಳಿಯುವುದಿಲ್ಲ, ಮೊದಲ ತಟ್ಟೆ ಹೊಸ್ತಿಲಿನಾಚೆಗೇ. ಕೈ ಒರೆಸಿಕೊಂಡು ಬಾ, ಕೂತುಕೋ, ನನ್ನ ಉತ್ತರ ಓದಿ ಹೇಳುತ್ತೇನೆ. ಈ ಸಲ ಒಂದು ಸಾಲನ್ನೂ ಬಿಡುವುದಿಲ್ಲ.

"ಮಾನ್ಯರೇ, ನನ್ನ ಕೇಂದ್ರದಲ್ಲಿ ತಾಯಂದಿರಿಗೆ ಊಟ ಕೊಟ್ಟಿರುವುದು ನಿಜ. ಮುಂದೆಯೂ ಕೊಡುತ್ತೇನೆ. ತಾಯಿ ಉಣ್ಣದೆ ಮಗು ಉಣ್ಣುವುದಿಲ್ಲ ಎಂಬುದನ್ನು ಈ ಕೇಂದ್ರದ ಸಹಾಯಕಿ ಚಂಪಾ ಅವರು ಹತ್ತೊಂಬತ್ತು ವರ್ಷ ಮಾಡಿ ತೋರಿಸಿದ್ದಾರೆ. ಇದಕ್ಕಾಗಿ ಅವರಿಗೆ ಹಿಂದೆ ನೋಟಿಸ್ ಕೊಡಲಾಗಿತ್ತು. ಅವರ ಮೇಲೆ ದೂರು ಬರೆದವಳು ನಾನು. ಆ ದೂರು ತಪ್ಪು. ಅವರು ಈಗ ಇಲ್ಲದ ಕಾರಣ, ಆ ನೋಟಿಸನ್ನು ಹಿಂದಕ್ಕೆ ಪಡೆದಿರುವುದಾಗಿ ಅವರ ಮಗಳಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಅವರ ಮಗಳಿಗೆ ಓದಲು ಬರುತ್ತದೆ."